ಕೋಲಾರದವರು ರೈಲಿಗೆ ಬಂಗಾರಪೇಟೆಗೆ ಯಾಕೆ ಹೋಗಬೇಕು?

ಕೋಲಾರ ಜಿಲ್ಲಾ ಕೇಂದ್ರ. ಆದರೂ ಚೆನ್ನೈ ಕಡೆಯ ರೈಲು ಹಿಡಿಯಬೇಕೆಂದರೆ ಇಲ್ಲಿನವರು ಮೊದಲು ಬಂಗಾರಪೇಟೆಗೆ ಹೋಗಬೇಕು. ಈ ತಾಪತ್ರಯದ ಬೇರು 1864ರಲ್ಲಿದೆ.

ಆ ವರ್ಷ ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್‌ಗೆ) ರೈಲು ಬಂತು. ಜೋಲಾರ್‌ಪೇಟೆಯಲ್ಲಿ ಮದ್ರಾಸ್ ಮಾರ್ಗದಿಂದ ಕವಲೊಡೆದ ಹಳಿ ಕುಪ್ಪಂ, ಮಾಲೂರು ಮೇಲೆ ಹಾದು ಕೋಲಾರವನ್ನು ಪಕ್ಕಕ್ಕೆ ಬಿಟ್ಟಿತು. ದಾರಿಯಲ್ಲಿನ ಒಂದು ನಿಲ್ದಾಣಕ್ಕೆ ಆಗಿನ ಮೈಸೂರು ಕಮಿಷನರ್ ಬೌರಿಂಗ್ ಹೆಸರು ಬಂತು. ಅದೇ ಇವತ್ತಿನ ಬಂಗಾರಪೇಟೆ. ಬೌರಿಂಗ್‌ಪೇಟೆ ಎಂಬ ಹೆಸರು ಹೋದರೂ ರೈಲ್ವೆಯ ಸಂಕೇತಾಕ್ಷರ ಈಗಲೂ ಬಿಡಬ್ಲ್ಯುಟಿ.

ಆಮೇಲೆ ಚಿನ್ನದ ಗಣಿ ಜೋರಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ 16 ಕಿ.ಮೀ. ಕವಲು ಹಾಕಿದರು. ಗಣಿಗೆ ಸಿಕ್ಕಿದ ರೈಲು ಜಿಲ್ಲಾ ಕೇಂದ್ರಕ್ಕೆ ಸಿಗಲು ಮತ್ತೂ ಸುಮಾರು 20 ವರ್ಷ ಬೇಕಾಯಿತು.

1913ರಲ್ಲಿ ಬಂದದ್ದೂ ಪುಟ್ಟ ರೈಲೇ. ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಮುಖ್ಯ ಮಾರ್ಗದಲ್ಲಿ ಐದೂವರೆ ಅಡಿ. ಅಂದರೆ ಕೋಲಾರದ ಬೋಗಿ ಬೌರಿಂಗ್‌ಪೇಟೆಯಿಂದ ಒಂದಡಿಯೂ ಮುಂದೆ ಹೋಗುವಂತಿಲ್ಲ. ಮೂಟೆ ಇಳಿಸಬೇಕು, ಇನ್ನೊಂದು ಬೋಗಿಗೆ ತುಂಬಬೇಕು. ಜನರೂ ಗಂಟುಮೂಟೆ ಹಿಡಿದು ಇಳಿದು ಹತ್ತಬೇಕು. ಬಂಗಾರಪೇಟೆ ಬೆಳೆದದ್ದು, ಕೋಲಾರ ಹಿಂದೆ ಬಿದ್ದದ್ದು ಇಲ್ಲೇ ಅಂತ ನನಗನ್ನಿಸುತ್ತದೆ.

1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಇನ್ನೊಂದು ಪುಟ್ಟ ರೈಲು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಅದು ಕೋಲಾರಕ್ಕೂ ಕೂಡಿಕೊಂಡಿತು. 1990ರ ದಶಕದಲ್ಲಿ ಪುಟ್ಟ ರೈಲು ನಿಂತಿತು. ಬಂಗಾರಪೇಟೆ–ಕೋಲಾರ ಬ್ರಾಡ್‌ಗೇಜ್, ಅಂದರೆ ಐದೂವರೆ ಅಡಿಯ ಹಳಿ, ಬೇಗ ಆಯಿತು, ಅದರ ಮೇಲೆ ಬಸ್ಸಿನಂಥ ಪುಟ್ಟ ಗಾಡಿ ರೈಲ್‌ಬಸ್ ಓಡಿತು. ಕೋಲಾರ–ಚಿಕ್ಕಬಳ್ಳಾಪುರದ ಕೆಲಸ ಮುಗಿದು ರೈಲು ಮತ್ತೆ ಓಡಿದ್ದು 2013ರ ನವೆಂಬರ್‌ನಲ್ಲಿ! ರೇಷ್ಮೆಗೂಡಿನ ಶಿಡ್ಲಘಟ್ಟ, ಮಾವಿನ ಶ್ರೀನಿವಾಸಪುರ ಅಷ್ಟು ವರ್ಷ ರೈಲಿನ ಮುಖವನ್ನೇ ನೋಡಲಿಲ್ಲ. ಇದು ಅನ್ಯಾಯ ಅಲ್ವಾ?

ಈಗ ಹಳಿಯೇನೋ ಇದೆ. ಆದರೆ ಕೋಲಾರದಿಂದ ರಸ್ತೆಯಲ್ಲಿ ಬೆಂಗಳೂರು ಸುಮಾರು 70 ಕಿ.ಮೀ. ರೈಲಿನಲ್ಲಿ ಚಿಕ್ಕಬಳ್ಳಾಪುರ ತಲುಪುವುದಕ್ಕೇ ಅದಕ್ಕಿಂತ ಜಾಸ್ತಿ ದೂರ. ಬಸ್ಸು ಬಿಟ್ಟು ಯಾರು ಹತ್ತುತ್ತಾರೆ? ವೈಟ್‌ಫೀಲ್ಡ್‌ಗೆ ನೇರ ಮಾರ್ಗ ಕೊಡಿ ಎಂದು ಜನ ಕೇಳುತ್ತಿರುವುದು ಅದಕ್ಕೇ. 1864ರಲ್ಲಿ ತಪ್ಪಿದ್ದು ಆ ಮಾರ್ಗವೇ.