ಲೋಟದ ತಳದಲ್ಲಿ ಕೂತ ಸಕ್ಕರೆ

ತಣ್ಣಗಿನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಸುಮ್ನೆ ಎರಡು ಸಲ ಚಮಚ ಆಡಿಸಿ ಕುಡಿದು ನೋಡಿ. ಮೊದಲ ಗುಟುಕು ಸಪ್ಪೆ. ನಡುವಿನದೂ ಸಪ್ಪೆ. ಕೊನೆಯ ಗುಟುಕು ಮಾತ್ರ ಹಲ್ಲು ಜುಮ್ಮೆನ್ನುವಷ್ಟು ಸಿಹಿ, ಜೊತೆಗೆ ನಾಲಿಗೆಗೆ ಮರಳಿನಂತೆ ಸಿಗುವ ಕಾಳು. ಪಕ್ಕದಲ್ಲಿದ್ದವರು ಯಾರಾದರೂ ತೀರ್ಪು ಕೊಟ್ಟೇ ಕೊಡುತ್ತಾರೆ: ‘ತಣ್ಣೀರಲ್ಲಿ ಸಕ್ಕರೆ ಕರಗಲ್ಲ, ಅಷ್ಟೇ.’ ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಪಾಪ, ತಣ್ಣೀರಿನ ಮೇಲೆ ಇದು ಶುದ್ಧ ಸುಳ್ಳು ಆರೋಪ.

ಲೆಕ್ಕ ನೋಡಿ. ಸೊನ್ನೆ ಡಿಗ್ರಿಯಲ್ಲೂ 100 ಗ್ರಾಂ ನೀರು ಸುಮಾರು 180 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ತನ್ನ ತೂಕಕ್ಕಿಂತ ಜಾಸ್ತಿ! ಅಂದರೆ 200 ಮಿಲಿ ಲೋಟದಲ್ಲಿ 350 ಗ್ರಾಂಗೆ ಜಾಗ ಇದೆ. ನಾವು ಹಾಕಿದ್ದು ಹತ್ತು ಗ್ರಾಂ. ಮುನ್ನೂರೈವತ್ತು ಕುರ್ಚಿಯ ಸಭಾಂಗಣಕ್ಕೆ ಹತ್ತೇ ಜನ ಬಂದಿದ್ದಾರೆ, ಆದರೂ ಬಾಗಿಲಲ್ಲೇ ಗುಂಪು ಕಟ್ಟಿಕೊಂಡು ನಿಂತಿದ್ದಾರೆ. ಕುರ್ಚಿಗೇನೂ ಕೊರತೆಯಿಲ್ಲ. ಒಳಗೆ ಹೋಗುವವರ ಕಾಲೇ ಏಳುತ್ತಿಲ್ಲ.

ಯಾಕೆ ಏಳುತ್ತಿಲ್ಲ? ನನಗೆ ಇಡೀ ಐಸ್ ಟೀಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀರಿಗೆ ಬಿದ್ದ ಒಂದು ಕಾಳನ್ನು ನೆನೆಸಿಕೊಳ್ಳಿ. ಅದರ ಹೊರಮೈಯ ಸಕ್ಕರೆ ಅಣುಗಳು ಕಳಚಿಕೊಂಡು ನೀರಿಗೆ ಇಳಿಯುತ್ತವೆ. ಕ್ಷಣದಲ್ಲೇ ಕಾಳಿನ ಸುತ್ತ ಗಟ್ಟಿ ಪಾಕದ ಒಂದು ತೆಳು ಪದರ ಆಗುತ್ತದೆ. ಆ ಪದರ ಭರ್ತಿಯಾದ ಮೇಲೆ ಒಳಗಿನ ಅಣುಗಳಿಗೆ ಹೊರಗೆ ಜಾಗವೇ ಇಲ್ಲ. ಕಾಳು ತಾನೇ ನೇಯ್ದ ಕಂಬಳಿಯನ್ನು ಹೊದ್ದು ಮಲಗಿಬಿಡುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ ಬಸ್ಸಿನ ಹಿಂಭಾಗ ಖಾಲಿ, ಮುಂಬಾಗಿಲಲ್ಲಿ ಮಾತ್ರ ನೂಕುನುಗ್ಗಲು. ‘ಹಿಂದೆ ಹೋಗ್ರೀ’ ಅಂತ ಕೂಗಲು ಕಂಡಕ್ಟರ್ ಬೇಕು. ಲೋಟದಲ್ಲಿ ಆ ಕಂಡಕ್ಟರ್ ನಿಮ್ಮ ಚಮಚ.

ಬಿಸಿ ನೀರಿನಲ್ಲಿ ಅಣುಗಳು ಜೋರಾಗಿ ಗುದ್ದಾಡುತ್ತವೆ, ಪದರ ಬೇಗ ಚದುರುತ್ತದೆ. ತಣ್ಣೀರು ಮಂದ. ಸೊನ್ನೆ ಡಿಗ್ರಿಯ ನೀರು ಕುದಿಯುವ ನೀರಿಗಿಂತ ಆರು ಪಟ್ಟಿಗೂ ಹೆಚ್ಚು ಸ್ನಿಗ್ಧ, ಅಂದರೆ ಅಷ್ಟು ಪಟ್ಟು ಮಂದವಾಗಿ ಹರಿಯುತ್ತದೆ. ಸಾಲದ್ದಕ್ಕೆ ಪಾಕ ಚಹಾಕ್ಕಿಂತ ಭಾರ. ಅದು ತಳಕ್ಕೆ ಜಾರಿ ಅಲ್ಲೇ ಹಾಸಿಗೆ ಹಾಕುತ್ತದೆ. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಕಾದ ರಸ್ತೆಯ ಮೇಲಿನ ಗಾಳಿಯ ಹಾಗೆ ನಡುಗುವ ಗೆರೆಗಳು ಕಾಣುತ್ತವೆ. ಪಾಕ ನಿಜವಾಗಿಯೂ ಕಣ್ಣಿಗೆ ಬೀಳುತ್ತದೆ.

ಚಮಚ ಮುಟ್ಟದೆ ಬಿಟ್ಟರೆ? ಮಾಮೂಲಿ ಕೋಣೆಯ ಬಿಸಿಯಲ್ಲೇ ಸಕ್ಕರೆಯ ಅಣು ತನ್ನಷ್ಟಕ್ಕೆ ಒಂದು ಸೆಂಟಿಮೀಟರ್ ದಾಟಲು ಸುಮಾರು ಒಂದು ದಿನ ಹಿಡಿಯುತ್ತದೆ. ಹತ್ತು ಸೆಂಟಿಮೀಟರ್‌ಗೆ ಹತ್ತು ದಿನ ಅಂದುಕೊಳ್ಳಬೇಡಿ. ಕುಡುಕ ತಡವರಿಸಿ ನಡೆದಂತೆ ಅಣು ಹಿಂದೆ ಮುಂದೆ ಅಲೆಯುತ್ತದೆ, ಹಾಗಾಗಿ ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು ಸಮಯ. ಲೋಟದ ತಳದಿಂದ ಬಾಯಿಗೆ ಸಿಹಿ ತಾನಾಗಿ ಏರಲು ಮೂರು ತಿಂಗಳು ದಾಟುತ್ತದೆ. ಐಸ್ ಇದ್ದರಂತೂ ಇನ್ನೂ ನಿಧಾನ.

ಈ ಅಲೆದಾಟವನ್ನು ಕ್ಷುಲ್ಲಕ ಅಂತ ತಳ್ಳಬೇಡಿ. 1905ರಲ್ಲಿ ಐನ್‌ಸ್ಟೈನ್ ಜೂರಿಕ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್‌ಗಾಗಿ ಕೊಟ್ಟ ಪ್ರಬಂಧ ಸಾಪೇಕ್ಷತೆಯ ಮೇಲಲ್ಲ, ಸಕ್ಕರೆ ನೀರಿನ ಮೇಲೆ! ಸಕ್ಕರೆ ಬೆರೆತ ನೀರು ಎಷ್ಟು ಮಂದವಾಗುತ್ತದೆ, ಸಕ್ಕರೆ ನೀರಿನಲ್ಲಿ ಎಷ್ಟು ವೇಗವಾಗಿ ಹರಡುತ್ತದೆ, ಇವೆರಡನ್ನು ಇಟ್ಟುಕೊಂಡು ಅವರು ಅಣುವಿನ ಗಾತ್ರ ಅಳೆದರು. ಲೆಕ್ಕದಲ್ಲಿ ಒಂದು ತಪ್ಪೂ ಇತ್ತು. 1911ರಲ್ಲಿ ತಿದ್ದಿಕೊಂಡರು.

ಸರಿ, ಅಡುಗೆಮನೆಗೆ ವಾಪಸ್ ಬರೋಣ. ಪರಿಹಾರ ನಿಮಗೆ ಆಗಲೇ ಹೊಳೆದಿರುತ್ತದೆ: ಚಹಾ ಬಿಸಿಯಿರುವಾಗಲೇ ಸಕ್ಕರೆ ಹಾಕಿ. ಆಮೇಲೆ ಹಾಕುವ ಅಭ್ಯಾಸವಿದ್ದರೆ ಸಮತೂಕದ ನೀರು, ಸಕ್ಕರೆ ಬಿಸಿ ಮಾಡಿ ಒಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ. ಎಳೆ ಬರುವ ತನಕ ಕಾಯಿಸಬೇಡಿ, ಕರಗಿದರೆ ಸಾಕು.

ಎಷ್ಟು ಹಾಕಬೇಕು? ಬಿಸಿಯಿರುವಾಗ ರುಚಿ ನೋಡಿ ‘ಸಾಕು’ ಅನ್ನಿಸಿದರೆ ಸಾಲದು. ನಾಲಿಗೆಯ ರುಚಿಕೋಶಗಳಲ್ಲಿ ಸಿಹಿಯ ಸುದ್ದಿ ಮುಟ್ಟಿಸುವ ಟಿಆರ್‌ಪಿಎಂ5 ಅನ್ನುವ ಒಂದು ಸಣ್ಣ ಬಾಗಿಲಿದೆ. ಚಳಿಯಲ್ಲಿ ಅದು ಸರಿಯಾಗಿ ತೆರೆಯುವುದಿಲ್ಲ. 15 ಡಿಗ್ರಿಯಿಂದ 35ಕ್ಕೆ ಹೋಗುವಾಗ ಅದರ ಚುರುಕು ಗಣನೀಯವಾಗಿ ಏರುತ್ತದೆ. ಬಿಸಿಯಾದ ಕೂಲ್ ಡ್ರಿಂಕ್ ಅಸಹ್ಯ ಸಿಹಿ ಅನ್ನಿಸುತ್ತದೆ ಅಲ್ವಾ? ಅದೇ ಕಾರಣ. ನಾನು ತಯಾರಾದ ಲೀಟರ್ ಚಹಾಕ್ಕೆ 70 ಗ್ರಾಂ ಹಾಕುತ್ತೇನೆ. ಬಿಸಿಯಲ್ಲಿ ಅದು ಅತಿ, ಐಸ್ ಬಿದ್ದ ಮೇಲೆ ಸರಿ.

ಐಸ್‌ನ ಲೆಕ್ಕ ಜನ ತಪ್ಪುವ ಇನ್ನೊಂದು ಕಡೆ. ಒಂದು ಗ್ರಾಂ ಐಸ್ ಕರಗುವಾಗ ಸುಮಾರು 80 ಕ್ಯಾಲೊರಿ ಬಿಸಿ ಹೀರುತ್ತದೆ. 90 ಡಿಗ್ರಿಯ ಚಹಾವನ್ನು 5 ಡಿಗ್ರಿಗೆ ಇಳಿಸಲು ಒಂದು ಗ್ರಾಂ ಚಹಾ 85 ಕ್ಯಾಲೊರಿ ಬಿಟ್ಟುಕೊಡಬೇಕು. ಕರಗಿದ ನೀರೂ 5 ಡಿಗ್ರಿಗೆ ಏರಬೇಕಲ್ಲ, ಅಲ್ಲಿಗೆ ಐಸ್‌ನ ಪಾಲೂ ಗ್ರಾಂಗೆ 85. ಎಷ್ಟು ಚಹಾವೋ ಅಷ್ಟೇ ಐಸ್! ಹಾಗಾಗಿ ಬಿಸಿ ಚಹಾವನ್ನು ನೇರ ಐಸ್ ಮೇಲೆ ಸುರಿಯುವುದಾದರೆ ಡಿಕಾಕ್ಷನ್ ಎರಡು ಪಟ್ಟು ಗಟ್ಟಿ ಇರಲಿ: ಅರ್ಧ ಲೀಟರ್ ಕುದಿನೀರಿಗೆ ಲೀಟರ್‌ಗೆ ಬೇಕಾದಷ್ಟು ಪುಡಿ, ಐದು ನಿಮಿಷ, ಸೋಸಿ, ಅರ್ಧ ಕೆಜಿ ಐಸ್. ಐದು ನಿಮಿಷವನ್ನು ಹದಿನೈದು ಮಾಡಿದರೆ ಗಟ್ಟಿಗಿಂತ ಒಗರೇ ಜಾಸ್ತಿ.

ಐಸ್ ಟೀ ಹುಟ್ಟಿದ್ದು 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ಅನ್ನುವ ಕಥೆಯನ್ನು ನೀವು ಕೇಳಿರಬಹುದು. ಭಾರತದ ಚಹಾ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡೆನ್ ಎಂಬವರು, ಸೆಕೆಗೆ ಯಾರೂ ಬಿಸಿ ಚಹಾ ಮುಟ್ಟದ್ದರಿಂದ ಅದಕ್ಕೆ ಐಸ್ ಹಾಕಿದರಂತೆ. ಕಥೆ ಚೆನ್ನಾಗಿದೆ. ಆದರೆ 1879ರಲ್ಲೇ ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ ಐಸ್ ಟೀ ಮಾಡುವ ವಿಧಾನ ಅಚ್ಚಾಗಿತ್ತು, ಅದೂ ಹಸಿರು ಚಹಾದ್ದು. ಅದಕ್ಕೂ ಮೊದಲು ಐಸ್ ಬೇಕಲ್ಲ? ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1806ರಲ್ಲೇ ಕೆರೆಯ ಐಸ್ ಕತ್ತರಿಸಿ ಮಾರ್ಟಿನಿಕ್‌ಗೆ ಹಡಗಿನಲ್ಲಿ ಕಳಿಸಿದ್ದ. 1833ರಲ್ಲಿ ಅವನ ಹಡಗು 180 ಟನ್ ಐಸ್ ಹೊತ್ತು ಕಲ್ಕತ್ತಕ್ಕೆ ಹೊರಟಿತು. ನಾಲ್ಕು ತಿಂಗಳ ದಾರಿ ಸವೆಸಿಯೂ ಸುಮಾರು 100 ಟನ್ ಉಳಿದಿತ್ತು!

ಇತಿಹಾಸದ ದಂತಕಥೆಯಿಂದ ಹೊಟ್ಟೆ ಕೆಡುವುದಿಲ್ಲ. ‘ಸೂರ್ಯ ಚಹಾ’ದಿಂದ ಕೆಡಬಹುದು. ಗಾಜಿನ ಜಾಡಿಯಲ್ಲಿ ನೀರು, ಎಲೆ ಹಾಕಿ ಬಿಸಿಲಿಗಿಟ್ಟರೆ ಸೂರ್ಯನ ಶಕ್ತಿ ಇಳಿಯುತ್ತದೆ ಅಂತ ನಂಬುವವರಿದ್ದಾರೆ. ಇಳಿಯುವುದು ಹೆಚ್ಚೆಂದರೆ ಐವತ್ತು ಡಿಗ್ರಿ ಆಸುಪಾಸಿನ ಬಿಸಿ. ಅದು ಬ್ಯಾಕ್ಟೀರಿಯಾವನ್ನು ನೆಚ್ಚುವಂತೆ ಕೊಲ್ಲುವುದಿಲ್ಲ, ಬೆಚ್ಚಗೆ ಸಾಕುವ ಸಾಧ್ಯತೆಯೇ ಜಾಸ್ತಿ. ಕುದಿಸದೆ ಮಾಡಲೇಬೇಕೆಂದರೆ ಎಲೆಯನ್ನು ಫ್ರಿಜ್ಜಿನ ಒಳಗೆ ಎಂಟು-ಹತ್ತು ಗಂಟೆ ನೆನೆಸಿ. ಒಗರೂ ಕಮ್ಮಿ ಬರುತ್ತದೆ.

ಕೊನೆಗೆ ನನ್ನದೇ ಪೆದ್ದುತನ. ಒಮ್ಮೆ ಗಟ್ಟಿ ಚಹಾ ಮಾಡಿ ಜಗ್ಗನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕೆಸರುನೀರಿನ ಹಾಗೆ ರಾಡಿ. ಹಾಳಾಯಿತು ಅಂತ ಸಿಂಕಿಗೆ ಸುರಿದೆ. ಅದು ಹಾಳಾಗಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಚಹಾಕ್ಕೆ ಕೆಂಪು ಕೊಡುವ ಥಿಯಾಫ್ಲೇವಿನ್‌ನಂಥ ಪಾಲಿಫಿನಾಲ್‌ಗಳು ಮತ್ತು ಕೆಫೀನ್ ಬಿಸಿಯಲ್ಲಿ ತಮ್ಮ ಪಾಡಿಗೆ ಓಡಾಡುತ್ತವೆ. ತಣ್ಣಗಾದಾಗ ಕೈ ಹಿಡಿದು ಗುಂಪಾಗುತ್ತವೆ, ಬೆಳಕನ್ನು ಚದುರಿಸುತ್ತವೆ. ಹಾಲಿನ ಹನಿಯೂ ಇರದ ಇದಕ್ಕೆ ಚಹಾ ಬಲ್ಲವರು ‘ಟೀ ಕ್ರೀಮ್’ ಅನ್ನುತ್ತಾರೆ. ಚಹಾ ಗಟ್ಟಿಯಾದಷ್ಟೂ, ನೀರು ಗಡಸಾದಷ್ಟೂ ಇದು ಜಾಸ್ತಿ. ಅಮೆರಿಕದ ದಕ್ಷಿಣದವರು ಹಾಕುವ ಚಿಟಿಕೆ ಅಡುಗೆ ಸೋಡಾ ಇದನ್ನು ಸ್ವಲ್ಪ ತಡೆಯುತ್ತದೆ, ಬಣ್ಣವನ್ನೂ ಕಪ್ಪಾಗಿಸುತ್ತದೆ. ನಿಂಬೆರಸ ಹಾಕಿದರೆ ಬಣ್ಣದ ಮಟ್ಟಿಗೆ ತದ್ವಿರುದ್ಧ, ಕೆಂಪು ಕಣ್ಣೆದುರೇ ತೆಳು ಹಳದಿಗೆ ತಿರುಗುತ್ತದೆ.

ರಾಡಿಯಾದ ಜಗ್ಗಿಗೆ ಈಗ ನಾನು ಒಂದು ಲೋಟ ಕುದಿನೀರು ಸುರಿಯುತ್ತೇನೆ. ಜೇನಿನ ಬಣ್ಣ ತಿಳಿಯಾಗಿ ವಾಪಸ್ ಬರುತ್ತದೆ. ಅವತ್ತು ಸಿಂಕಿಗೆ ಹೋಗಿದ್ದು ಒಂದೂವರೆ ಲೀಟರ್.