ಹಂಬನ್‌ಟೋಟ ಬಂದರಿನ ದುಡ್ಡು ಎಲ್ಲಿಗೆ ಹೋಯಿತು?

ಸಾಲಪತ್ರ ಓದುವುದು ನನ್ನ ಕೆಲಸ. ಹಾಗಾಗಿ ಶ್ರೀಲಂಕಾದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಸಾಲ ತೀರಿಸೋಕಾಗದೆ ಬಂದರನ್ನೇ ಚೀನಾಕ್ಕೆ ಬರೆದುಕೊಟ್ಟರಂತೆ, ಹೌದಾ? ಕಾಗದ ತೆಗೆದು ನೋಡಿದರೆ ಕಥೆ ಹಾಗಿಲ್ಲ.

ಹಂಬನ್‌ಟೋಟ ಬಂದರಿನ ಮೊದಲ ಹಂತಕ್ಕೆ 2007ರಲ್ಲಿ ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕ್ ಕೊಟ್ಟಿದ್ದು 30.7 ಕೋಟಿ ಡಾಲರ್, ಬಡ್ಡಿ 6.3%. ಅಗ್ಗದ ಸಾಲವೇನಲ್ಲ. ಆದರೆ ಅದೇ ವರ್ಷ ಲಂಕಾ ಮೊದಲ ಸಲ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಹೂಡಿಕೆದಾರರು ಕೊಳ್ಳುವ ಸಾಲಪತ್ರ, ಮಾರಿ 50 ಕೋಟಿ ಡಾಲರ್ ಎತ್ತಿತು, ಅದರ ಬಡ್ಡಿ 8.25%. ಅದರ ಬಗ್ಗೆ ಯಾರೂ ಕೇಳಲ್ಲ.

2017ರಲ್ಲಿ ಚೀನಾ ಮರ್ಚೆಂಟ್ಸ್ ಪೋರ್ಟ್ ಕಂಪನಿ 112 ಕೋಟಿ ಡಾಲರ್ ಕೊಟ್ಟು ಬಂದರನ್ನು 99 ವರ್ಷಕ್ಕೆ ವಹಿಸಿಕೊಂಡಿತು. ಆ ದುಡ್ಡಿನಲ್ಲಿ ಬಂದರಿನ ಸಾಲ ತೀರಿತು ಅಂದುಕೊಂಡಿರುತ್ತೀರಿ, ಅಲ್ವಾ? ತೀರಲಿಲ್ಲ. ಡಾಲರ್ ಹೋಗಿದ್ದು ಖಾಲಿಯಾಗುತ್ತಿದ್ದ ವಿದೇಶಿ ವಿನಿಮಯದ ಗಲ್ಲಾಕ್ಕೆ, ಎಕ್ಸಿಮ್ ಬ್ಯಾಂಕಿನ ಸಾಲ ಸರ್ಕಾರದ ತಲೆ ಮೇಲೇ ಉಳಿಯಿತು. ಬೆಂಗಳೂರಲ್ಲಿ ಮನೆ ಭೋಗ್ಯಕ್ಕೆ ಹಾಕಿ, ಬಂದ ದುಡ್ಡಲ್ಲಿ ಬೇರೆಯವರ ಕೈಸಾಲ ತೀರಿಸಿ, ಮನೆ ಕಟ್ಟಿದ ಸಾಲದ ಕಂತು ಹಾಗೇ ಕಟ್ಟುತ್ತಾ ಹೋದಂತೆ.

ಹಾಗಾದರೆ ಡಾಲರಿಗೆ ಅಷ್ಟೊಂದು ಪರದಾಟ ಯಾಕೆ? ಬಾಂಡ್‌ಗಳಿಂದಾಗಿ. ಎಕ್ಸಿಮ್ ಬ್ಯಾಂಕಿನ ಸಾಲವನ್ನು ಕಂತುಗಳಲ್ಲಿ ಕಟ್ಟಬಹುದು, ಕಷ್ಟವಾದರೆ ಮಂತ್ರಿಯೊಬ್ಬರು ಬೀಜಿಂಗ್‌ಗೆ ಹೋಗಿ ಕೇಳಿಕೊಳ್ಳಬಹುದು. ಬಾಂಡ್‌ನಲ್ಲಿ ಅಸಲು ಪೂರ್ತಿ ಒಂದೇ ದಿನ ಕೊಡಬೇಕು, ಕೇಳಿಕೊಳ್ಳೋಣ ಅಂದರೆ ಎದುರಿಗೆ ಒಬ್ಬ ಮನುಷ್ಯ ಇಲ್ಲ, ಜಗತ್ತಿನ ತುಂಬಾ ಹರಡಿರುವ ಫಂಡ್‌ಗಳಿವೆ. ಹಳೆಯದನ್ನು ತೀರಿಸಲು ಹೊಸ ಬಾಂಡ್ ಮಾರುವುದೇ ರೂಢಿಯಾಯಿತು. 2019ರ ಕೊನೆಗೆ ಗೊಟಬಯ ರಾಜಪಕ್ಸ ಸರ್ಕಾರ ವ್ಯಾಟ್ ತೆರಿಗೆಯನ್ನು 15%ರಿಂದ 8%ಕ್ಕೆ ಇಳಿಸಿತು, ಸರ್ಕಾರದ ಆದಾಯ ಕುಸಿಯಿತು. ಆಮೇಲೆ ಕೋವಿಡ್ ಬಂದು ಪ್ರವಾಸಿಗರು ನಿಂತರು, ಸಾಲ ತೀರಿಸುವ ಶಕ್ತಿಗೆ ಏಜೆನ್ಸಿಗಳು ಕೊಡುವ ರೇಟಿಂಗ್ ಬಿತ್ತು, ಹೊಸ ಬಾಂಡ್ ಕೊಳ್ಳುವವರೇ ಇಲ್ಲ. ಇಷ್ಟಾದರೂ 2022ರ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡ್ ಅಸಲನ್ನು ಕಟ್ಟಿಬಿಟ್ಟರು! ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ಅತಿ ದುಬಾರಿಯಾದ ತಪ್ಪು ಅದು. ಮೂರು ತಿಂಗಳಿಗೆ, ಏಪ್ರಿಲ್ 12ರಂದು, ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಿದರು.

ಈಗ ನಮ್ಮ ವಿಷಯಕ್ಕೆ ಬರೋಣ. ಲಂಕಾದ ಪೂರ್ವ ಕರಾವಳಿಯ ತ್ರಿಕೋಣಮಲೆಯಲ್ಲಿ ಬ್ರಿಟಿಷರ ಕಾಲದ 99 ತೈಲ ಟ್ಯಾಂಕ್‌ಗಳಿವೆ. ಅವುಗಳನ್ನು ಭಾರತದ ಜೊತೆ ಸೇರಿ ಸರಿಪಡಿಸುವ ಮಾತು 1987ರ ಭಾರತ-ಲಂಕಾ ಒಪ್ಪಂದದ ಪತ್ರಗಳಲ್ಲೇ ಇದೆ. ವರ್ಷಗಟ್ಟಲೆ ಎಳೆದಾಡಿದರು. ಕೊನೆಗೆ ಸಹಿ ಬಿದ್ದಿದ್ದು ಯಾವಾಗ ಗೊತ್ತಾ? ಅದೇ 2022ರ ಜನವರಿ. 61 ಟ್ಯಾಂಕ್‌ಗಳು ಜಂಟಿ ಕಂಪನಿಗೆ, ಅದರಲ್ಲಿ 51% ಲಂಕಾ ಸರ್ಕಾರದ ಸಿಲೋನ್ ಪೆಟ್ರೋಲಿಯಂ ನಿಗಮಕ್ಕೆ, 49% ನಮ್ಮ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆ ಲಂಕಾ ಐಒಸಿಗೆ. ಅದೇ ತಿಂಗಳು ಭಾರತದಿಂದ 40 ಕೋಟಿ ಡಾಲರ್ ಸ್ವಾಪ್ (ತಮ್ಮ ಕರೆನ್ಸಿ ಕೊಟ್ಟು ಸ್ವಲ್ಪ ಕಾಲಕ್ಕೆ ಡಾಲರ್ ಪಡೆಯುವ ಏರ್ಪಾಟು), ಮರು ತಿಂಗಳು ಇಂಧನಕ್ಕೆ 50 ಕೋಟಿ ಡಾಲರ್ ಸಾಲ. ಆ ವರ್ಷ ಒಟ್ಟು ಸುಮಾರು 400 ಕೋಟಿ ಡಾಲರ್ ನೆರವು ಹೋಯಿತು, ಅದಿಲ್ಲದಿದ್ದರೆ ಅಲ್ಲಿನ ಪೆಟ್ರೋಲ್ ಬಂಕ್ ಕ್ಯೂ ಇನ್ನೂ ಉದ್ದವಾಗುತ್ತಿತ್ತು, ನಿಜ. ಆದರೆ ನಾವು ಮಾಡಿದರೆ ನೆರವು, ಚೀನಾ ಮಾಡಿದರೆ ಬಲೆ ಅಂತ ಸುಮ್ನೆ ಹೇಳಿಕೊಂಡು ತಿರುಗುವುದು ಬೇಡ.

ಕೈ ಬರಿದಾದವನು ಇಬ್ಬರಿಗೂ ಇಲ್ಲ ಅನ್ನಲಾರ. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಹಂಬನ್‌ಟೋಟಕ್ಕೆ ಬರುವುದಿತ್ತು. ಭಾರತ ತಕರಾರು ತೆಗೆಯಿತು. ಕೊಲಂಬೊ ಮೊದಲು ಸ್ವಲ್ಪ ತಡಮಾಡಿ ಅಂತ ಚೀನಾವನ್ನು ಕೇಳಿಕೊಂಡಿತು, ಆಮೇಲೆ ಬರಲಿ ಅಂತ ಬಿಟ್ಟಿತು. ಸಾಲ ಮರುಹೊಂದಿಸಲು ಎರಡೂ ದೇಶಗಳ ಒಪ್ಪಿಗೆ ಬೇಕಿತ್ತಲ್ಲ.

ಆ ಮಾತುಕತೆಯೂ ಬೇರೆ ಬೇರೆ ಕೋಣೆಗಳಲ್ಲೇ ನಡೆಯಿತು. ಭಾರತ, ಜಪಾನ್, ಫ್ರಾನ್ಸ್ ಮುಂದೆ ನಿಂತ ಸಮಿತಿ ಒಂದು ಕಡೆ, ಚೀನಾದ ಎಕ್ಸಿಮ್ ಬ್ಯಾಂಕ್ ಇನ್ನೊಂದು ಕಡೆ. ಬಾಂಡ್‌ದಾರರ ಜೊತೆ ಲೆಕ್ಕ ಮುಗಿದಿದ್ದು 2024ರ ಡಿಸೆಂಬರ್‌ನಲ್ಲಿ. ಹಳೆ ಬಾಂಡ್‌ಗೆ ಬದಲಾಗಿ ಕೊಟ್ಟ ಹೊಸ ಬಾಂಡ್‌ಗಳಲ್ಲಿ ಕೆಲವಕ್ಕೆ ಒಂದು ಷರತ್ತಿದೆ: ಲಂಕಾದ ಆರ್ಥಿಕತೆ ಅಂದಾಜಿಗಿಂತ ಚೆನ್ನಾಗಿ ಬೆಳೆದರೆ, ಫಂಡ್‌ಗಳಿಗೆ ಕೊಡಬೇಕಾದ ದುಡ್ಡೂ ಜಾಸ್ತಿಯಾಗುತ್ತದೆ.