ಬೈತಲೆಯ ಕಪ್ಪು ಚುಕ್ಕೆಗಳು

ಕಿಮೋಥೆರಪಿಯಿಂದಲೋ ಅಲೋಪೇಶಿಯ ಎಂಬ ಕೂದಲುದುರುವ ಕಾಯಿಲೆಯಿಂದಲೋ ಕೂದಲು ಕಳೆದುಕೊಂಡ ಹೆಣ್ಣುಮಕ್ಕಳು ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟುಬಿಡುವುದುಂಟು. ತೀರ್ಥಹಳ್ಳಿ, ಸಾಗರದಂಥ ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರುಗಳಲ್ಲಿ ಈ ಅಳುಕು ಇನ್ನೂ ಹೆಚ್ಚು. ದುಡ್ಡು ಕೊಟ್ಟು ತಂದ ಲೇಸ್ ವಿಗ್ ಬೀರುವಿನಲ್ಲಿರುತ್ತದೆ, ಹಾಕಿಕೊಂಡರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಆದರೆ ಗೊತ್ತಾಗುವುದು ಜಡೆಯಿಂದಲ್ಲ. ಹಣೆಯಂಚಿನ ಬೆರಳಗಲ ಜಾಗ ಮತ್ತು ಬೈತಲೆ, ಇವೆರಡರಿಂದ. ಅಷ್ಟನ್ನು ಮನೆಯಲ್ಲೇ ತಿದ್ದಿಕೊಳ್ಳಬಹುದು.

ಲೇಸ್ ಎಂದರೆ ತೀರಾ ತೆಳುವಾದ ಜಾಲರಿ. ಅದರ ಕಣ್ಣುಗಳಿಗೆ ಒಂದೊಂದೇ ಕೂದಲನ್ನು ಪುಟ್ಟ ಕೊಕ್ಕೆಯಿಂದ ಗಂಟು ಹಾಕಿರುತ್ತಾರೆ. ಬೈತಲೆಯ ಭಾಗಕ್ಕಷ್ಟೇ ಕೂರಿಸುವ ತುಂಡಿಗೆ ಕ್ಲೋಷರ್ ಎನ್ನುತ್ತಾರೆ. ನಮ್ಮ ತಲೆಯಲ್ಲಿ ಕೂದಲು ಚರ್ಮದೊಳಗಿಂದ ಹೊರಡುತ್ತದೆ. ಇಲ್ಲಿ ಬುಡದಲ್ಲಿ ಕೂದಲು ತನ್ನ ಸುತ್ತಲೇ ಸುತ್ತಿಕೊಂಡು ದಪ್ಪವಾಗಿರುತ್ತದೆ. ಬಾಚಣಿಗೆಯಲ್ಲಿ ಬೈತಲೆ ತೆಗೆದೊಡನೆ ಆ ಗಂಟುಗಳು ಕರಿ ಎಳ್ಳು ಉದುರಿಸಿದ ಹಾಗೆ ಸಾಲಾಗಿ ಕಾಣುತ್ತವೆ.

ಆ ಕಪ್ಪು ಯೂಮೆಲನಿನ್ ಎಂಬ ವರ್ಣದ್ರವ್ಯದ್ದು. ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿ ಒಡೆಯುತ್ತದೆ. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಮತ್ತು ಕ್ಷಾರ ಅದಕ್ಕೆ ವೇಗ ಕೊಡುತ್ತವೆ. ಪೆರಾಕ್ಸೈಡ್ ಕೊಳ್ಳುವಾಗ ಅಂಗಡಿಯಲ್ಲಿ 20 ವಾಲ್ಯೂಮ್, 40 ವಾಲ್ಯೂಮ್ ಎಂದು ಕೇಳುತ್ತಾರಲ್ಲ, ಅದು ಒಂದು ಲೀಟರ್ ದ್ರಾವಣ ಬಿಡುಗಡೆ ಮಾಡಬಲ್ಲ ಆಮ್ಲಜನಕದ ಲೀಟರ್ ಲೆಕ್ಕ. 20 ಅಂದರೆ ಸುಮಾರು ಶೇ. 6 ಪೆರಾಕ್ಸೈಡ್, 40 ಅಂದರೆ ಶೇ. 12. ನನ್ನ ಮಾತು ಕೇಳುವುದಾದರೆ 20ನ್ನೇ ತನ್ನಿ. ಬಣ್ಣ ಒಡೆಯುವ ಅದೇ ಕ್ರಿಯೆ ಕೂದಲಿನ ಕೆರಾಟಿನ್ ಪ್ರೋಟೀನನ್ನು ಹಿಡಿದಿಟ್ಟ ಗಂಧಕದ ಬಂಧಗಳನ್ನೂ ಒಡೆಯುತ್ತದೆ. ಅವಸರಪಟ್ಟರೆ ಗಂಟೇ ಸಡಿಲವಾಗಿ ಕೂದಲು ಉದುರುತ್ತದೆ. ಬ್ಲೀಚ್ ಪುಡಿಯನ್ನೂ ಪೆರಾಕ್ಸೈಡನ್ನೂ ಗಟ್ಟಿಯಾಗಿ ಕಲಸಿ, ವಿಗ್ಗನ್ನು ತಿರುವಿ ಹಾಕಿ, ಲೇಸಿನ ಒಳಬದಿಗೆ ಒತ್ತದೆ ಹಚ್ಚಬೇಕು. ತೆಳುವಾದರೆ ಜಾಲರಿಯಿಂದ ಇಳಿದು ಕೂದಲಿನ ಬುಡವೆಲ್ಲ ಕೆಂಚಾಗುತ್ತದೆ. ಗಂಟು ಜೇನಿನ ಬಣ್ಣಕ್ಕೆ ಬಂದಾಗ ತೊಳೆದುಬಿಡಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ತಲೆಯ ಮೇಲಿಟ್ಟುಕೊಂಡು ಈ ಕೆಲಸ ಯಾವತ್ತೂ ಬೇಡ. ಸಿಂಥೆಟಿಕ್ ಕೂದಲಾದರೆ ಈ ಹಂತವೇ ಇಲ್ಲ, ಅದರಲ್ಲಿ ಮೆಲನಿನ್ ಇಲ್ಲ. ಉದುರಿದ ಒಂದೆಳೆಯನ್ನು ಸುಟ್ಟು ನೋಡಿದರೆ ತಿಳಿಯುತ್ತದೆ: ಪ್ಲಾಸ್ಟಿಕ್ ಕರಗಿ ಮಣಿಯಾಗುತ್ತದೆ, ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ.

ಮಲೆನಾಡಿನಲ್ಲಿ ನೀರಿನ ಬಗ್ಗೆಯೂ ಯೋಚಿಸಬೇಕು. ಜಂಬಿಟ್ಟಿಗೆ ನೆಲದ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣವಿರುತ್ತದೆ; ಬಕೆಟ್ಟಿನ ಕೆಂಪು ಕಲೆಯೇ ಸಾಕ್ಷಿ. ಕಬ್ಬಿಣ ಸಿಕ್ಕರೆ ಪೆರಾಕ್ಸೈಡ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಿನ ಕಣಗಳಾಗಿ ಒಡೆದು ಕೂದಲನ್ನೇ ತಿನ್ನುತ್ತದೆ. ಹಾಗಾಗಿ ಲೋಹದ ಬಟ್ಟಲೂ ಬೇಡ, ಆ ನೀರೂ ಬೇಡ. ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಮುಂದಿನ ಹಂತದಲ್ಲೂ ಇದೇ ಕಬ್ಬಿಣ ಕಾಡುತ್ತದೆ. ಬಿಳಿ ಲೇಸನ್ನು ಚರ್ಮದ ಬಣ್ಣಕ್ಕೆ ತರಲು ಚಹಾ ಡಿಕಾಕ್ಷನ್ನಿನಲ್ಲಿ ಅದ್ದುತ್ತಾರೆ. ಅದರ ಟ್ಯಾನಿನ್ ಎಂಬ ಒಗರು ದ್ರವ್ಯಗಳು ನೈಲಾನ್ ಲೇಸಿನ ಅಮೈಡ್ ಎಂಬ ರಾಸಾಯನಿಕ ಗುಂಪುಗಳಿಗೆ ಅಂಟಿಕೊಳ್ಳುತ್ತವೆ. ಪಾಲಿಯೆಸ್ಟರ್ ಲೇಸ್ ಅಷ್ಟಾಗಿ ಬಣ್ಣ ಹಿಡಿಯದು. ಟ್ಯಾನಿನ್ ನಮಗೆ ಹೊಸದಲ್ಲ. ಅಡಿಕೆ ಬೇಯಿಸಿ ಉಳಿಯುವ ಚೊಗರಿನಲ್ಲಿರುವುದೂ ಅದೇ, ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆ ಅದರಿಂದ ಸೀರೆಗಳಿಗೆ ಬಣ್ಣ ಕಟ್ಟುತ್ತದೆ. ಲೇಸಿಗೆ ಮಾತ್ರ ಚೊಗರು ತೀರಾ ಗಾಢ, ಚಹಾವೇ ಸಾಕು. ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಮಸಿಯ ಕಪ್ಪಾಗುತ್ತದೆ. ಬಾವಿನೀರಿನ ಡಿಕಾಕ್ಷನ್ನಿನಲ್ಲಿ ಅದ್ದಿದ ಲೇಸ್ ಬೂದು ತಿರುಗಿದರೆ ಕಾರಣ ಇದೇ. ಹೋಲಿಸುವಾಗ ಹಣೆಯ ಬಣ್ಣ ನೋಡಬೇಡಿ. ಕೂದಲಿನ ನೆರಳಲ್ಲಿರುವ ನೆತ್ತಿ ಬಿಸಿಲು ಕಂಡ ಹಣೆಗಿಂತ ತುಸು ತಿಳಿ.

ಹಣೆಯಂಚಿಗೆ ಬೇಕಾದ್ದು ಚಿಮುಟ ಮತ್ತು ತಾಳ್ಮೆ. ತಲೆಯಲ್ಲಿ ಕೂದಲು ಒಂದರಿಂದ ನಾಲ್ಕರ ಗುಂಪುಗಳಲ್ಲಿ ಹುಟ್ಟುತ್ತದೆ, ಅಂಚಿನಲ್ಲಿ ಮಾತ್ರ ಒಂಟಿ ಎಳೆಗಳು. ವಿಗ್‌ನಲ್ಲಿ ಅಂಚಿನಿಂದಲೇ ದಟ್ಟ, ನೇರ ಗೆರೆ. ಮೊದಲ ಸಾಲನ್ನು ಬಿಟ್ಟು ಅದರ ಹಿಂದೆ ಅಲ್ಲಲ್ಲಿ, ಸಾಲು ಹಿಡಿಯದೆ, ಒಂದೊಂದೇ ಕೀಳಬೇಕು. ಕಿತ್ತದ್ದು ಮತ್ತೆ ಬೆಳೆಯದು, ಆದ್ದರಿಂದ ಆಗಾಗ ದೂರ ಹಿಡಿದು ನೋಡಿ. ಚಿಕಿತ್ಸೆ ನಡೆಯುತ್ತಿರುವವರು ಲೇಸಿನಂಚನ್ನು ಹಣೆಗೆ ಅಂಟಿಸುವ ಗೋಂದು ಹಚ್ಚುವ ಮೊದಲು ವೈದ್ಯರನ್ನು ಕೇಳಲೇಬೇಕು. ಆಗ ಚರ್ಮ ತೀರಾ ಸೂಕ್ಷ್ಮ, ಗೋಂದಿಗಿಂತ ಎಲಾಸ್ಟಿಕ್ ಪಟ್ಟಿಯೇ ಒಳ್ಳೆಯದು.

ಇನ್ನು ಮಳೆಗಾಲ. ಗಾಳಿಯ ತೇವ ಹೆಚ್ಚಿದಂತೆ ಕೂದಲು ಉದ್ದವಾಗುತ್ತದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಬಣ್ಣಿಸಿದ, ಗಾಳಿಯ ತೇವ ಅಳೆಯುವ ಆರ್ದ್ರತಾಮಾಪಕ ಮನುಷ್ಯನ ಕೂದಲಿಂದಲೇ ಆದದ್ದು. ಶಿವಮೊಗ್ಗದಲ್ಲಿ ನಯವಾಗಿ ಕೂತಿದ್ದ ವಿಗ್ ಆಗುಂಬೆ ತಲುಪುವಷ್ಟರಲ್ಲಿ ಕೆದರುವುದೂ ಇದೇ ಕಾರಣಕ್ಕೆ: ಕೆರಾಟಿನ್ನಿನ ಹೈಡ್ರೋಜನ್ ಬಂಧಗಳನ್ನು ನೀರು ಬಿಡಿಸುತ್ತದೆ, ಆರಿದಾಗ ಅವು ಕೂದಲು ಇದ್ದ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಇದನ್ನೇ ನಮ್ಮ ಅನುಕೂಲಕ್ಕೂ ಬಳಸಬಹುದು. ತೊಳೆದ ವಿಗ್ಗನ್ನು ಒಲೆಯ ಮೇಲಿನ ಅಟ್ಟದಲ್ಲಿಡದೆ (ಹೊಗೆಯ ವಾಸನೆ ಹಿಡಿಯುತ್ತದೆ) ಸ್ಟ್ಯಾಂಡಿನ ಮೇಲೆ ಫ್ಯಾನ್ ಗಾಳಿಗಿಟ್ಟು, ಬೈತಲೆ ತೆಗೆದು ಬೇಕಾದ ಕಡೆಗೆ ಬಾಚಿಯೇ ಒಣಗಿಸಿ. ಪೂರ್ತಿ ಆರುವ ತನಕ ಪೆಟ್ಟಿಗೆಗೆ ಹಾಕಬೇಡಿ, ಆಷಾಢದ ತೇವಕ್ಕೆ ಬೂಷ್ಟು ಬರುತ್ತದೆ.